ಗೊರಕೆ ಅಂತ ಬಿಟ್ಟು ಮಲಗಬೇಡಿ: ಮಾತ್ರೆ, ಡ್ರಗ್ಸ್ ಓವರ್‌ಡೋಸ್ ಆದಾಗ ಗುರುತು ಹಿಡಿಯೋದು, ಮೈಸೂರು-ಮಂಡ್ಯದಲ್ಲಿ ಸಹಾಯ ತರಿಸೋದು

ಪಿಜಿ ನೋಟಿಸ್ ಬೋರ್ಡ್

ಸರಸ್ವತಿಪುರಂ, ಕುವೆಂಪುನಗರ, ಬೋಗಾದಿ ಕಡೆಯ ಪಿಜಿಗಳಲ್ಲಿ ಗೋಡೆಗೆ ಅಂಟಿಸೋಕೆ ಒಂದು ಪುಟದ ಸೂಚನೆ ಬೇಕಾಗಿದೆ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಬಂದು ನಮ್ಮ ಊರಿನ ಹೊರವಲಯದಲ್ಲೇ ಮೆಫೆಡ್ರೋನ್ ಅನ್ನೋ ಡ್ರಗ್ ತಯಾರಿಕೆ ಹಿಡಿದ ಮೇಲೆ ಮಾತೆಲ್ಲ ಯಾರು ಮಾರ್ತಿದ್ರು, ಎಷ್ಟು ಕೋಟಿ ಅನ್ನೋದರ ಸುತ್ತಲೇ ಆಯ್ತು. ರಾತ್ರಿ ಎರಡು ಗಂಟೆಗೆ ಪಕ್ಕದ ಮಂಚದವನು ಕರೆದರೂ ಏಳದೆ ಬಿದ್ದಿದ್ರೆ ಏನು ಮಾಡ್ಬೇಕು? ನಶೆ, ನಿದ್ದೆ, ಓವರ್‌ಡೋಸ್ ಬೇರೆ ಬೇರೆ ಅಂತ ಹತ್ತೊಂಬತ್ತು ವರ್ಷದ ಹುಡುಗನಿಗೆ ಅರ್ಥ ಆಗೋ ಹಾಗೆ ಹೇಳೋದು ಹೇಗೆ? ಗೊತ್ತಿರೋರು ಬರೀರಿ. ಉಪದೇಶ ಬೇಡ.

ರಾತ್ರಿಪಾಳಿ

ಗೊರಕೆಯಿಂದಲೇ ಶುರು ಮಾಡಿ. ಅತಿ ಹೆಚ್ಚು ಜನ ತಪ್ಪು ತಿಳಿಯೋದು ಅಲ್ಲೇ. "ಹಾಯಾಗಿ ಗೊರಕೆ ಹೊಡೀತಿದ್ದಾನೆ, ಬೆಳಿಗ್ಗೆ ಇಳಿಯುತ್ತೆ" ಅಂತ ಲೈಟ್ ಆರಿಸಿಬಿಡ್ತಾರೆ. ಎಚ್ಚರ ತಪ್ಪಿದವನ ನಾಲಿಗೆ ಸಡಿಲವಾಗಿ ಗಂಟಲಿಗೆ ಜಾರಿ, ಉಸಿರಿನ ದಾರಿ ಅರ್ಧ ಮುಚ್ಚಿದಾಗ ಬರೋ ಸದ್ದೂ ಗೊರಕೆ ಥರಾನೇ ಇರುತ್ತೆ. ಕಿವಿಗೊಟ್ಟರೆ ವ್ಯತ್ಯಾಸ ಗೊತ್ತಾಗುತ್ತೆ. ಅದರಲ್ಲಿ ಗುಳುಗುಳು ಅನ್ನೋ ನೀರಿನ ಸದ್ದು ಸೇರಿರುತ್ತೆ, ಲಯ ಇರಲ್ಲ, ಮಧ್ಯೆ ಮಧ್ಯೆ ಉದ್ದಕ್ಕೆ ನಿಂತುಹೋಗುತ್ತೆ.

ನೋಡಬೇಕಾದ್ದು ಮೂರು, ಇದೇ ಕ್ರಮದಲ್ಲಿ.

ಏಳ್ತಾನಾ? ಹೆಸರು ಹಿಡಿದು ಜೋರಾಗಿ ಕೂಗಿ, ಭುಜ ಅಲುಗಾಡಿಸಿ. ಆಗಲಿಲ್ಲ ಅಂದ್ರೆ ಮುಷ್ಟಿ ಕಟ್ಟಿ, ಬೆರಳ ಗೆಣ್ಣುಗಳನ್ನ ಎದೆಯ ನಡುಮೂಳೆ ಮೇಲೆ ಒತ್ತಿ ಐದು ಸೆಕೆಂಡ್ ಉಜ್ಜಿ. ಬರೀ ನಿದ್ದೆಯಲ್ಲಿರೋನು ಬೈಕೊಂಡು ಕೈ ತಳ್ಳುತ್ತಾನೆ. ಬರೀ ನರಳಿದರೆ, ಅಥವಾ ಅದೂ ಇಲ್ಲ ಅಂದ್ರೆ, ಅದು ನಿದ್ದೆ ಅಲ್ಲ. ಕೆನ್ನೆಗೆ ಬಾರಿಸೋದು, ಮುಖಕ್ಕೆ ಬಕೆಟ್ ನೀರು ಎರಚೋದು ಬೇಡ.

ಉಸಿರು ಎಷ್ಟು? ಅಂಗೈನ ಎದೆ ಮತ್ತು ಹೊಟ್ಟೆ ಸೇರೋ ಜಾಗದಲ್ಲಿಡಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಹಜ. 12ಕ್ಕಿಂತ ಕಮ್ಮಿ ಅಂದ್ರೆ ಅನುಮಾನ, 8ಕ್ಕಿಂತ ಕಮ್ಮಿ ಅಂದ್ರೆ ಪ್ರಾಣಾಪಾಯ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋ ಅಭ್ಯಾಸ ಇಲ್ಲಿ ಕೈಕೊಡುತ್ತೆ. ಈ ಉಸಿರು ನಾಲ್ಕು ಬಂದು ಆಮೇಲೆ 20 ಸೆಕೆಂಡ್ ನಿಂತಿರಬಹುದು. ಎಣಿಸಿದರೆ ಪೂರ್ತಿ ನಿಮಿಷ ಎಣಿಸಿ, ಆದರೆ 108ಕ್ಕೆ ಕರೆ ಹೋಗಿರೋವಾಗಲೇ ಎಣಿಸಿ. ಉಸಿರೇ ಕಾಣದಿದ್ದರೆ ಹತ್ತು ಸೆಕೆಂಡ್‌ಗಿಂತ ಹೆಚ್ಚು ನೋಡ್ತಾ ಕೂರಬೇಡಿ.

ಬಣ್ಣ ಏನು? "ತುಟಿ ನೀಲಿ ಆಗುತ್ತೆ" ಅನ್ನೋ ಮಾತನ್ನ ನಮ್ಮ ಮೈಬಣ್ಣಕ್ಕೆ ತಕ್ಕಂತೆ ತಿದ್ದಿ ಬರೀರಿ. ಕಪ್ಪು, ಗೋಧಿ ಬಣ್ಣದವರಲ್ಲಿ ತುಟಿಯ ಹೊರಗೆ ಏನೂ ಕಾಣದೇ ಇರಬಹುದು. ಕೆಳತುಟಿ ಮಡಚಿ ಒಳಭಾಗ ನೋಡಿ, ಒಸಡು, ಉಗುರಿನ ಬುಡ, ಅಂಗೈ ನೋಡಿ. ಬೂದಿ ಬಳಿದ ಹಾಗಿದ್ರೆ ಆಮ್ಲಜನಕ ಇಳಿದಿದೆ ಅಂತ ಅರ್ಥ.

ಕುಕ್ಕರಹಳ್ಳಿ ಏರಿ

ಕೋವಿಡ್ ಕಾಲದ ಪಲ್ಸ್ ಆಕ್ಸಿಮೀಟರ್ ಎಲ್ಲ ಪಿಜಿಯಲ್ಲೂ ಒಂದು ಬಿದ್ದಿರುತ್ತಲ್ಲ, ಅದನ್ನ ಹಾಕಿದ್ರೆ ಸಾಲದೇ?

ರಾತ್ರಿಪಾಳಿ

ಹಾಕಿ, ನಂಬಿಕೊಂಡು ಕೂರಬೇಡಿ. ಅದು ತೋರಿಸೋದು ರಕ್ತದ ಆಮ್ಲಜನಕ ಮಾತ್ರ. ಉಸಿರು ನಿಧಾನ ಆಗಿ ಸ್ವಲ್ಪ ಹೊತ್ತಾದ ಮೇಲೆ ಸಂಖ್ಯೆ ಇಳಿಯುತ್ತೆ, ಆಮೇಲೆ ಒಂದೇ ಸಲ ಜಾರುತ್ತೆ. ಕೈ ತಣ್ಣಗಿದ್ರೆ, ನೇಲ್ ಪಾಲಿಶ್ ಇದ್ರೆ ತಪ್ಪು ತೋರಿಸುತ್ತೆ. ಕಪ್ಪು ಚರ್ಮದಲ್ಲಿ ಇರೋದಕ್ಕಿಂತ ಒಂದಷ್ಟು ಜಾಸ್ತಿ ತೋರಿಸೋ ದೋಷವೂ ಅದಕ್ಕಿದೆ. 96 ಇದೆ, ಆದ್ರೆ ನಿಮಿಷಕ್ಕೆ ಆರೇ ಉಸಿರು ಅಂದ್ರೆ ಉಸಿರಿನ ಲೆಕ್ಕಾನೇ ನಂಬಿ. ಬ್ಯಾಟರಿ ಹುಡುಕ್ತಾ ಡ್ರಾಯರ್ ಎಳೆದಾಡೋದು ಬೇಡ.

ಮಾತ್ರೆಡಬ್ಬಿ

ಔಷಧದ ಕಡೆಯಿಂದ ನಾನು ಸೇರಿಸ್ತೀನಿ. ಓವರ್‌ಡೋಸ್ ಅನ್ನೋದು ಒಂದೇ ರೂಪದಲ್ಲಿ ಬರಲ್ಲ. ಮೊಬೈಲ್ ಟಾರ್ಚ್ ಕಣ್ಣಿಗೆ ಬಿಟ್ಟು ಪಾಪೆ ನೋಡಿದರೆ ಅರ್ಧ ಸುಳಿವು ಸಿಗುತ್ತೆ.

ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿ, ಉಸಿರು ನಿಧಾನವಾಗಿ, ಎಚ್ಚರ ಇಲ್ಲದಿದ್ದರೆ ಅಫೀಮಿನ ಜಾತಿ ಅಂತ ಅನುಮಾನಿಸಿ: ಹೆರಾಯಿನ್, ಮಾರ್ಫಿನ್, ಕೊಡೀನ್ ಇರೋ ಕೆಮ್ಮಿನ ಸಿರಪ್, ಟ್ರಮಡಾಲ್, ಟಪೆಂಟಡಾಲ್. ಕೊನೇ ಎರಡು ನೋವಿನ ಮಾತ್ರೆಗಳು, ಹಾಗಾಗಿ "ಡ್ರಗ್ಸ್ ಅಲ್ಲ, ಮೆಡಿಕಲ್ ಶಾಪ್ ಮಾತ್ರೆ" ಅನ್ನೋ ಭ್ರಮೆ ಇದೆ. ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಅದರಲ್ಲಿ ಉಸಿರು ನಿಧಾನ ಆಗೋದರ ಜೊತೆಗೆ ಫಿಟ್ಸ್ ಕೂಡ ಬರಬಹುದು.

ಆಲ್ಪ್ರಜೋಲಾಮ್, ನೈಟ್ರಜೆಪಾಮ್, ಕ್ಲೊನಾಜೆಪಾಮ್ ಥರದ ನಿದ್ದೆ ಮಾತ್ರೆಗಳಲ್ಲಿ ಪಾಪೆ ಮಾಮೂಲಾಗೇ ಇರಬಹುದು. ಮಾತು ತೊದಲುತ್ತೆ, ನಡಿಗೆ ತೂರಾಡುತ್ತೆ, ನೋಡೋರಿಗೆ ಕುಡಿದವನ ಹಾಗೇ ಕಾಣ್ತಾನೆ. ಇದರ ಜೊತೆ ಮದ್ಯವೂ ಸೇರಿದರೆ ಎರಡೂ ಒಟ್ಟಿಗೆ ಉಸಿರನ್ನ ತುಳಿಯುತ್ತವೆ. ಯಾವುದೂ "ಜಾಸ್ತಿ" ತಗೊಂಡಿಲ್ಲದವನೂ ಹೋಗೋದು ಹೀಗೇನೆ.

ಮೈ ಚುರುಕೇರಿಸೋ ಎಂಡಿಎಂಎ, ಮೆಫೆಡ್ರೋನ್, ಕೊಕೇನ್‌ದು ಪೂರ್ತಿ ಉಲ್ಟಾ. ಪಾಪೆ ಅಗಲ, ಮೈ ಕೆಂಡ, ಎದೆ ಡವಡವ, ದವಡೆ ಬಿಗಿ, ಗಾಬರಿ, ಯಾರೋ ಅಟ್ಟಿಸಿಕೊಂಡು ಬರ್ತಿದ್ದಾರೆ ಅನ್ನೋ ಭಯ. ಇಲ್ಲಿ ಕೊಲ್ಲೋದು ಮೈಬಿಸಿ, ಫಿಟ್ಸ್, ಹೃದಯದ ಬಡಿತ ತಪ್ಪೋದು. ಮೈ ಮುಟ್ಟೋಕಾಗದಷ್ಟು ಬಿಸಿ ಇದ್ದೂ ಬೆವರು ನಿಂತುಹೋದರೆ, ಮಾತು ಅಸಂಬದ್ಧ ಆದರೆ, ತಡ ಮಾಡಬೇಡಿ. ಬಟ್ಟೆ ಸಡಿಲಿಸಿ, ಫ್ಯಾನ್ ಹಾಕಿ, ಮೈಯೆಲ್ಲ ನೀರಲ್ಲಿ ಒರೆಸಿ, ಕಂಕುಳು, ಕುತ್ತಿಗೆ, ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್ ಇಡಿ. ಇದು ಜ್ವರ ಅಲ್ಲ, ಡೋಲೋ ಕೊಟ್ಟರೆ ಇಳಿಯಲ್ಲ. ನಾಲ್ಕು ಜನ ಸೇರಿ ಬೋರಲು ಕೆಡವಿ ಬೆನ್ನ ಮೇಲೆ ಕೂರೋದಂತೂ ಬೇಡವೇ ಬೇಡ, ಉಸಿರು ಅಲ್ಲೇ ನಿಂತುಬಿಡುತ್ತೆ.

ವೈಟ್ನರ್, ಪಂಕ್ಚರ್ ಅಂಟು ಮೂಸೋ ಮಕ್ಕಳ ವಿಷಯದಲ್ಲಿ ಒಂದೇ ಮಾತು: ಹಠಾತ್ತನೆ ಕೂಗಿ ಅಟ್ಟಿಸಿಕೊಂಡು ಹೋಗಬೇಡಿ. ಆ ಆವಿ ಒಳಗಿದ್ದಾಗ ಗಾಬರಿಯಾಗಿ ಓಡಿದರೆ ಹೃದಯದ ಲಯ ತಪ್ಪಿ ಅಲ್ಲೇ ಕುಸಿಯಬಹುದು.

ಕಬ್ಬಿನಗದ್ದೆ, ಪಾಂಡವಪುರ

ಒಂದ್ ಇಸ್ಯ ಬುಟ್ಬುಟ್ರಿ ಸಾ. ನಮ್ ಕಡೆ ಪಾಪೆ ಸೂಜಿಮೊನೆ ಆಗೈತೆ ಅಂದ್ರೆ ಮೊದ್ಲು ನೆಪ್ಪಾಗಬೇಕಾದ್ದು ಗದ್ದೆ ಔಷ್ದಿ. ಕ್ಲೋರ್‌ಪೈರಿಫಾಸ್ ಥರದವು ಕುಡುದ್ರೂ, ಹೊಡೆಯುವಾಗ ಮೈಮೇಲೆ ಚೆಲ್ಕಂಡ್ರೂ ಪಾಪೆ ಹಂಗೇ ಆಯ್ತದೆ. ಹುಡುಗ ಏನೋ ನಶೆ ಮಾಡವ್ನೆ ಅಂತ ಬೈಕಂಡು ಕೂತ್ರೆ ಕೆಟ್ಟೋಯ್ತು. ವ್ಯತ್ಯಾಸ ಏನ್ ಗೊತ್ತಾ? ಇದ್ರಲ್ಲಿ ಮೈಯೆಲ್ಲ ನೀರು. ಬಾಯಲ್ಲಿ ಜೊಲ್ಲು ನೊರೆ, ಕಣ್ಣಲ್ಲಿ ನೀರು, ಬೆವರು, ವಾಂತಿ, ಭೇದಿ, ಮಾಂಸ ಪಟಪಟ ಅದುರ್ತದೆ, ಬಾಯಿ ಹತ್ರ ಔಷ್ದಿ ವಾಸ್ನೆ.

ರಾತ್ರಿಪಾಳಿ

ಸರಿಯಾಗಿ ಹಿಡಿದ್ರಿ. ಒಣ ಸೂಜಿಮೊನೆ, ಒದ್ದೆ ಸೂಜಿಮೊನೆ ಅಂತ ನೆನಪಿಟ್ಟುಕೊಳ್ಳಬಹುದು. ಅಫೀಮಿನ ಜಾತಿಯಲ್ಲಿ ಮೈ ಮೌನವಾಗಿರುತ್ತೆ, ಕೀಟನಾಶಕದಲ್ಲಿ ಎಲ್ಲ ಕಡೆಯಿಂದ ಸುರಿಯುತ್ತೆ. ಎರಡಕ್ಕೂ ಮದ್ದು ಬೇರೆ: ಅಫೀಮಿನ ಜಾತಿಗೆ ನಾಲೊಕ್ಸೋನ್, ಕೀಟನಾಶಕಕ್ಕೆ ಅಟ್ರೊಪಿನ್. ಗದ್ದೆ ಔಷಧಿ ಅನ್ನೋ ಅನುಮಾನ ಇದ್ದರೆ ಕೈಗೆ ಗ್ಲೌಸ್ ಇಲ್ಲವೇ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಟ್ಟೆ ತೆಗೆದು ಮೈಯನ್ನ ಸೋಪು ನೀರಲ್ಲಿ ತೊಳೀರಿ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಡಿ. ಡಬ್ಬ ಜೊತೆಗೇ ತನ್ನಿ, ಲೇಬಲ್ ನೋಡದೆ ಡಾಕ್ಟರಿಗೆ ಕೈ ಕಟ್ಟಿದ ಹಾಗಾಗುತ್ತೆ.

ಇನ್ನೊಂದು, ದತ್ತೂರಿ ಬೀಜ. ಪಾಪೆ ಅಗಲ, ಬಾಯಿ ಒಣ, ಮೈ ಕೆಂಪು ಬಿಸಿ, ಗಾಳಿಯಲ್ಲಿ ಏನೋ ಹಿಡಿಯೋ ಹಾಗೆ ಕೈಯಾಡಿಸ್ತಿರ್ತಾರೆ. ದೆವ್ವ ಹಿಡಿದಿದೆ ಅಂತ ತಾಯಿತ ಕಟ್ಟಿಸೋಕೆ ಹೊರಡೋದು ಇದರಲ್ಲೇ ಜಾಸ್ತಿ.

ಸೈರನ್

108ಕ್ಕೆ ಕರೆ ಮಾಡಿದಾಗ ಏನು ಹೇಳ್ತೀರಿ ಅನ್ನೋದರ ಮೇಲೆ ಐದು-ಹತ್ತು ನಿಮಿಷ ನಿಂತಿರುತ್ತೆ. "ಏಳ್ತಿಲ್ಲ, ಉಸಿರು ಸರಿ ಇಲ್ಲ" ಈ ಎರಡು ಮಾತು ಮೊದಲು. "ಸ್ವಲ್ಪ ಹುಷಾರಿಲ್ಲ" ಅಂದ್ರೆ ಆ ಕಡೆಯವರಿಗೆ ತುರ್ತು ಗೊತ್ತಾಗಲ್ಲ. ಆಮೇಲೆ ಜಾಗ.

ಮೈಸೂರಲ್ಲಿ ಎಡವಟ್ಟಾಗೋದು ಇಲ್ಲೇ. "7ನೇ ಕ್ರಾಸ್, 3ನೇ ಮೇನ್" ಅನ್ನೋ ವಿಳಾಸ ಬಡಾವಣೆಗೊಂದು ಇದೆ. ವಿಜಯನಗರ ಅಂದ್ರೂ ಸಾಲದು, 2ನೇ ಹಂತವೋ 3ನೇ ಹಂತವೋ 4ನೇ ಹಂತವೋ ಹೇಳಬೇಕು, ಒಂದೊಂದಕ್ಕೂ ನಡುವೆ ಕಿಲೋಮೀಟರುಗಟ್ಟಲೆ ಇದೆ. ಬಡಾವಣೆ, ಹಂತ ಅಥವಾ ಬ್ಲಾಕ್, ಮೇನ್, ಕ್ರಾಸ್, ಆಮೇಲೆ ಎಲ್ಲರಿಗೂ ಗೊತ್ತಿರೋ ಗುರುತು, ಈ ಕ್ರಮದಲ್ಲಿ. ಪಿಜಿಯವರು ತಮ್ಮ ಪೂರ್ತಿ ವಿಳಾಸವನ್ನ ಇದೇ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಲಿ. ಹೊರ ಊರಿನ ಹುಡುಗರಿಗೆ ತಾವಿರೋ ಬೀದಿ ಹೆಸರೇ ಗೊತ್ತಿರಲ್ಲ.

ಫೋನ್ ಸ್ಪೀಕರಲ್ಲಿಡಿ, ಕಟ್ ಮಾಡಬೇಡಿ. 108 ಹಿಡಿಯದಿದ್ದರೆ 112. ಒಬ್ಬ ಗೇಟಿಗೆ ಹೋಗಿ ನಿಂತು ಟಾರ್ಚ್ ಬೀಸಲಿ.

ಪಿಜಿ ನೋಟಿಸ್ ಬೋರ್ಡ್

ಬರೋವರೆಗಿನ ಹೊತ್ತು?

ಸೈರನ್

ಎರಡು ದಾರಿ, ಉಸಿರು ನೋಡಿ ಆರಿಸಿ.

ಎಚ್ಚರ ಇಲ್ಲ, ಉಸಿರು ಸರಿಯಾಗಿದೆ: ಅವನ ಎಡಗಡೆ ಮಂಡಿಯೂರಿ ಕೂತು ಎಡಮಗ್ಗುಲಿಗೆ ಹೊರಳಿಸಿ. ನಿಮ್ಮ ಕಡೆಯ ತೋಳನ್ನ ಭುಜದಿಂದ ಅಡ್ಡ ಚಾಚಿ. ಆಚೆ ಕಡೆಯ ಕೈಯನ್ನ ತಂದು ಕೆನ್ನೆ ಕೆಳಗೆ ಒತ್ತಿ ಹಿಡೀರಿ. ಆಚೆ ಕಡೆಯ ಮೊಣಕಾಲು ಮಡಚಿ ನಿಮ್ಮ ಕಡೆಗೆ ಎಳೀರಿ, ಇಡೀ ಮೈ ತಾನಾಗಿ ಉರುಳಿ ಬರುತ್ತೆ. ಮೇಲಿನ ಮೊಣಕಾಲು ಮುಂದೆ ಊರಿಕೊಂಡಿರಲಿ, ಬೋರಲಾಗಲ್ಲ. ಗಲ್ಲ ಸ್ವಲ್ಪ ಮೇಲೆತ್ತಿ, ಬಾಯಿ ನೆಲದ ಕಡೆ ಇರಲಿ, ವಾಂತಿ ಬಂದರೆ ಹೊರಗೆ ಹರಿಯುತ್ತೆ. ತಲೆದಿಂಬು ಇಡಬೇಡಿ. ಅಂಗಾತ ಮಲಗಿದವನ ತಲೆ ಕೆಳಗೆ ದಪ್ಪ ದಿಂಬು ಇಟ್ಟರೆ ಗಲ್ಲ ಎದೆಗೆ ಬಾಗಿ, ನೀರಿನ ಪೈಪ್ ಮಡಚಿದ ಹಾಗೆ ಗಂಟಲು ಮುಚ್ಚುತ್ತೆ. ಪಾಪ, ಪ್ರೀತಿಯಿಂದಲೇ ಇಟ್ಟಿರ್ತಾರೆ.

ಉಸಿರಿಲ್ಲ, ಅಥವಾ ದಡಕ್ಕೆ ಬಿದ್ದ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೀತಾನೆ ಅಷ್ಟೆ: ಅದನ್ನ ಉಸಿರು ಅಂತ ಲೆಕ್ಕ ಹಿಡೀಬೇಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಹಾಸಿಗೆ ಮೇಲೆ ಒತ್ತಿದರೆ ಹಾಸಿಗೆ ಕುಸಿಯುತ್ತೆ, ಎದೆ ಕುಸಿಯಲ್ಲ. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳೋಕೆ ಬಿಡಿ. 30 ಒತ್ತು, 2 ಉಸಿರು. ಉಸಿರು ಕೊಡೋಕೆ ಬರದಿದ್ದರೆ ಬರೀ ಒತ್ತಿ, ನಿಲ್ಲಿಸಬೇಡಿ. ಎರಡು ನಿಮಿಷಕ್ಕೊಮ್ಮೆ ಒತ್ತೋರು ಬದಲಾಗಿ, ಸುಸ್ತಾದವನು ಒತ್ತಿದ ಹಾಗೆ ಕಾಣುತ್ತೆ, ಆಳ ಸಿಕ್ಕಿರಲ್ಲ.

ರಾತ್ರಿಪಾಳಿ

ಅಫೀಮಿನ ಜಾತಿಯಲ್ಲಿ ಮೊದಲು ನಿಲ್ಲೋದು ಉಸಿರು, ಹೃದಯ ಆಮೇಲೆ. ಹಾಗಾಗಿ ತರಬೇತಿ ಇರೋರು ಉಸಿರು ಕೊಡೋದನ್ನ ಬಿಡಬೇಡಿ. ನಾಡಿ ಸಿಗುತ್ತಿದೆ, ಉಸಿರು ಮಾತ್ರ ಇಲ್ಲ ಅಂದ್ರೆ ಆರು ಸೆಕೆಂಡಿಗೊಂದು ಉಸಿರು. ಹಣೆ ಹಿಂದಕ್ಕೆ, ಗಲ್ಲ ಮೇಲಕ್ಕೆ, ಮೂಗು ಒತ್ತಿಹಿಡಿದು ಒಂದು ಸೆಕೆಂಡ್ ಊದಿ, ಎದೆ ಏರಿತಾ ನೋಡಿ. ಏರಲಿಲ್ಲ ಅಂದ್ರೆ ತಲೆಯ ಕೋನ ಸರಿಮಾಡಿ ಮತ್ತೆ ಊದಿ. ಬಲೂನಿಗೆ ಊದಿದ ಹಾಗೆ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿ ಬರುತ್ತೆ.

ಕುಕ್ಕರಹಳ್ಳಿ ಏರಿ

ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋದು, ಹುಣಸೆ ನೀರು, ಮಜ್ಜಿಗೆ, ಸ್ಟ್ರಾಂಗ್ ಕಾಫಿ?

ಮಾತ್ರೆಡಬ್ಬಿ

ಯಾವುದೂ ಬೇಡ. ಅರ್ಧ ಎಚ್ಚರದಲ್ಲಿರೋನಿಗೆ ಬಾಯಲ್ಲಿ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತೆ. ಉಪ್ಪು ನೀರು ರಕ್ತದ ಸೋಡಿಯಂ ಏರಿಸಿ ಅದೇ ಒಂದು ವಿಷ ಆಗಬಹುದು. ನಮ್ಮ ಫಿಲ್ಟರ್ ಕಾಫಿ ಬಗ್ಗೆ ಗೌರವ ಇದೆ, ಆದರೆ ಅದು ಉಸಿರು ವಾಪಸ್ ತರಲ್ಲ. ತಣ್ಣೀರು ಸ್ನಾನ ಮಾಡಿಸೋಕೆ ಬಚ್ಚಲಿಗೆ ಎಳ್ಕೊಂಡು ಹೋದ್ರೆ ಜಾರಿ ತಲೆ ಒಡೆಯುತ್ತೆ. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡೋದು, ಹಲ್ಲಿನ ನಡುವೆ ಚಮಚ ತುರುಕೋದು ಕೂಡ ಅದೇ ಸಾಲಿಗೆ ಸೇರಿಸಿ. ಸುತ್ತ ಇರೋ ಚೇರು, ಟೇಬಲ್ ಸರಿಸಿ, ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ, ಸಮಯ ಬರೆದುಕೊಳ್ಳಿ.

ತರಬೇಕಾದ್ದು ಸ್ಟ್ರಿಪ್. ಖಾಲಿ ಆಗಿದ್ದರೂ ತನ್ನಿ. ಬರೀ ಬ್ರಾಂಡ್ ಹೆಸರು ಹೇಳಿದರೆ ಸಾಲದು. ಹೆಸರಿನ ಮುಂದೆ ಪ್ಲಸ್, ಎಸ್‌ಆರ್ ಅಂತ ಇದ್ದರೆ ಒಳಗಿರೋದೇ ಬೇರೆ ಇರಬಹುದು. ಎಸ್‌ಆರ್ ಅಂದ್ರೆ ನಿಧಾನವಾಗಿ ಬಿಡುಗಡೆ ಆಗೋದು, ಈಗ ಚೆನ್ನಾಗಿ ಕಂಡವನು ಗಂಟೆಗಳ ನಂತರ ಮುಳುಗ್ತಾನೆ. ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಹೆಸರಿರೋ ತುದಿ ಹೋಗಿರುತ್ತೆ, ಆಗ ಬಿಲ್ಲು ಹುಡುಕಿ. ಎಷ್ಟು ಗುಳಿ ಖಾಲಿ, ಎಷ್ಟು ಗಂಟೆಗೆ ತಗೊಂಡಿರಬಹುದು, ಜೊತೆಗೆ ಕುಡಿದಿದ್ದಾನಾ, ಸುಮಾರು ತೂಕ ಎಷ್ಟು. ಇಷ್ಟು ಹೇಳಿ ಸಾಕು.

ಪ್ಯಾರಾಸಿಟಮಾಲ್ ಬಗ್ಗೆ ಬೇರೆಯಾಗಿ ಬರೀಲೇಬೇಕು, ಇದು ಎಲ್ಲರ ಮನೆಯಲ್ಲೂ ಇರೋ ಮಾತ್ರೆ. ಇಲ್ಲಿ ಮೇಲಿನ ಯಾವ ಲಕ್ಷಣವೂ ಇರಲ್ಲ. ಮೊದಲ ದಿನ ಸ್ವಲ್ಪ ವಾಕರಿಕೆ, ಅಷ್ಟೆ. ನಡೀತಾನೆ, ಮಾತಾಡ್ತಾನೆ, ಕ್ಷಮಿಸಿ ಅಂತಾನೆ, ಮನೆಯವರು ಸದ್ಯ ಏನೂ ಆಗಲಿಲ್ಲ ಅಂದ್ಕೋತಾರೆ. ಒಳಗೆ ಲಿವರ್ ಹಾಳಾಗ್ತಾ ಎರಡು-ಮೂರನೇ ದಿನ ಗೊತ್ತಾಗುತ್ತೆ. ಎನ್-ಅಸಿಟೈಲ್ ಸಿಸ್ಟೀನ್ ಅನ್ನೋ ಮದ್ದು ಎಂಟು ಗಂಟೆಯೊಳಗೆ ಶುರುವಾದರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಎಂಟು ಗಂಟೆ ಮೀರಿದ್ದರೂ ಕೊಡ್ತಾರೆ, ಹಾಗಾಗಿ "ಇನ್ನೇನು ಪ್ರಯೋಜನ" ಅಂತ ಮನೇಲಿ ಕೂರಬೇಡಿ. ಎಷ್ಟು ಮಾತ್ರೆ ಅಂತ ಮನೆಯಲ್ಲಿ ಲೆಕ್ಕ ಹಾಕಿ ಪರವಾಗಿಲ್ಲ ಅಂತ ತೀರ್ಮಾನ ಮಾಡೋದು ನಿಮ್ಮ ಕೆಲಸ ಅಲ್ಲ, ರಕ್ತಪರೀಕ್ಷೆಯ ಕೆಲಸ.

ಕಬ್ಬಿನಗದ್ದೆ, ಪಾಂಡವಪುರ

ನಮ್ ಕಡೆಯಿಂದ ನೇರ ಮಂಡ್ಯ ಮಿಮ್ಸ್‌ಗೋ ಮೈಸೂರು ಕೆ.ಆರ್. ಆಸ್ಪತ್ರೆಗೋ ಹೊಡ್ಕೊಂಡು ಹೋಗದೇ ವಾಸಿ ಕಣ್ರೀ. ತಾಲ್ಲೂಕು ಆಸ್ಪತ್ರೇಲಿ ಬರ್ಕೊಟ್ಟು ಮುಂದಕ್ ಸಾಗಾಕ್ತಾರೆ.

ಸೈರನ್

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಎಚ್ಚರ ಇರೋ, ಉಸಿರು ಗಟ್ಟಿ ಇರೋ ಪ್ಯಾರಾಸಿಟಮಾಲ್ ಕೇಸಾದ್ರೆ ದೊಡ್ಡ ಆಸ್ಪತ್ರೆಗೇ ಹೋಗಿ. ಉಸಿರು ಎಂಟಕ್ಕೆ ಇಳಿದವನಿಗೆ ಕೆ.ಆರ್. ಪೇಟೆಯಿಂದ ಮೈಸೂರು ತುಂಬಾ ದೂರ. ಅವನಿಗೆ ಬೇಕಾಗಿರೋದು ಹತ್ತು ನಿಮಿಷದೊಳಗೆ ಆಕ್ಸಿಜನ್ ಮತ್ತು ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ತುಂಬೋ ಚೀಲ) ಒತ್ತೋ ಒಂದು ಕೈ, ಅದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತೆ. ಅಲ್ಲಿ ಸ್ಥಿರ ಮಾಡಿಸಿ ಆಂಬ್ಯುಲೆನ್ಸಲ್ಲಿ ಮುಂದೆ ಹೋಗಿ. ಬರೆದುಕೊಟ್ಟು ಕಳಿಸ್ತಾರೆ ಅನ್ನೋದು ನಿಜಾನೇ, ಆದರೆ ಉಸಿರಿಟ್ಟುಕೊಂಡು ಕಳಿಸ್ತಾರೆ.

ಕಾರಿನಲ್ಲೇ ಹೋಗಬೇಕಾದ್ರೆ ಹಿಂದಿನ ಸೀಟಲ್ಲಿ ಮಗ್ಗುಲಾಗಿ ಮಲಗಿಸಿ, ತಲೆ ಹತ್ತಿರ ಒಬ್ಬರು ಗಲ್ಲ ಹಿಡಿದು ಕೂರಿ. ಸ್ಕೂಟರಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗೋದು ನಮ್ಮಲ್ಲಿ ಮಾಮೂಲು, ಅದರಷ್ಟು ಕೆಟ್ಟದ್ದು ಇಲ್ಲ. ತಲೆ ಮುಂದಕ್ಕೆ ವಾಲಿ ಉಸಿರು ಕಟ್ಟಿದ್ದು ಹಿಂದಿನವನಿಗೂ ಗೊತ್ತಾಗಲ್ಲ, ಮುಂದಿನವನಿಗೂ ಗೊತ್ತಾಗಲ್ಲ.

ಕಬ್ಬಿನಗದ್ದೆ, ಪಾಂಡವಪುರ

ಅದೂ ದಿಟವೇ ಬುಡಿ.

ಪಿಜಿ ನೋಟಿಸ್ ಬೋರ್ಡ್

ನಾಲೊಕ್ಸೋನ್ ತಂದು ಪಿಜಿಯಲ್ಲಿ ಇಟ್ಟುಕೊಳ್ಳಬಹುದಾ? ಹೊರದೇಶದಲ್ಲಿ ಮೂಗಿಗೆ ಸ್ಪ್ರೇ ಹೊಡೆಯೋದನ್ನ ವೀಡಿಯೋಗಳಲ್ಲಿ ತೋರಿಸ್ತಾರೆ.

ಮಾತ್ರೆಡಬ್ಬಿ

ನಮ್ಮಲ್ಲಿ ಅದು ಮುಖ್ಯವಾಗಿ ಆಸ್ಪತ್ರೆಯ ಇಂಜೆಕ್ಷನ್, ಮಿಲಿಲೀಟರಿಗೆ 0.4 ಮಿಲಿಗ್ರಾಂ ಇರೋ ಆಂಪ್ಯೂಲ್, ಡಾಕ್ಟರ ಚೀಟಿ ಬೇಕು. ಅದಕ್ಕೇ ಇಲ್ಲಿ ಉಸಿರು ಕೊಡೋದು, ಮಗ್ಗುಲಾಗಿಸೋದು ಇಷ್ಟು ಮುಖ್ಯ ಆಗೋದು. ನಾಲೊಕ್ಸೋನ್ ಅಫೀಮಿನ ಜಾತಿಗೆ ಮಾತ್ರ, ನಿದ್ದೆ ಮಾತ್ರೆಗೂ ಮದ್ಯಕ್ಕೂ ಎಂಡಿಎಂಎಗೂ ಕೆಲಸ ಮಾಡಲ್ಲ.

ರಾತ್ರಿಪಾಳಿ

ಇನ್ನೊಂದು ಅಪಾಯ. ನಾಲೊಕ್ಸೋನ್ ರಕ್ತನಾಳಕ್ಕೆ ಕೊಟ್ಟ ಎರಡು ನಿಮಿಷಕ್ಕೆ ಹುಡುಗ ಕಣ್ಣು ಬಿಟ್ಟು ಎದ್ದು ಕೂತು ಬೈಯೋಕೆ ಶುರು ಮಾಡ್ತಾನೆ. ಸ್ನೇಹಿತರು ಸಹಿ ಹಾಕಿ ಕರ್ಕೊಂಡು ಹೋಗ್ತಾರೆ. ಮದ್ದಿನ ಪ್ರಭಾವ 30ರಿಂದ 90 ನಿಮಿಷ, ಒಳಗಿರೋ ಮಾತ್ರೆ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಮದ್ದು ಇಳಿದಾಗ ಉಸಿರು ಮತ್ತೆ ಇಳಿಯುತ್ತೆ, ಈ ಸಲ ಆಟೋದಲ್ಲೋ ರೂಮಲ್ಲೋ. ಡಾಕ್ಟರ್ ಹೋಗಿ ಅನ್ನೋವರೆಗೂ ಅಲ್ಲೇ ಇರಲಿ.

ಯಾರು ಹೆಚ್ಚು ಅಪಾಯದಲ್ಲಿರ್ತಾರೆ ಅನ್ನೋದೂ ಸೇರಿಸಿ: ವ್ಯಸನಮುಕ್ತಿ ಕೇಂದ್ರದಿಂದ, ಜೈಲಿಂದ, ಆಸ್ಪತ್ರೆಯಿಂದ ಈಗಷ್ಟೇ ಬಂದವರು. ಕೆಲವು ವಾರ ಬಿಟ್ಟರೆ ದೇಹದ ತಾಳಿಕೆ ಇಳಿದಿರುತ್ತೆ. ಹಳೇ ಅಳತೆಯನ್ನೇ ತಗೊಂಡರೆ ದೇಹಕ್ಕೆ ಅದು ಈಗ ಹೊಸಬನ ಮೇಲೆ ಬಿದ್ದ ಹಾಗೆ.

ಕರಿಕೋಟು

ಪೊಲೀಸ್ ಭಯದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಕಾನೂನಿನ ಸ್ಥಿತಿಯನ್ನು ಇದ್ದಂತೆ ಹೇಳುತ್ತೇನೆ. ವಿಷಪ್ರಾಶನದ ಪ್ರಕರಣವೆಂದರೆ ಆಸ್ಪತ್ರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ ಎಂಬ ದಾಖಲೆ, ಅಂದರೆ ಎಂಎಲ್‌ಸಿ ಬರೆಯುತ್ತದೆ, ಠಾಣೆಗೆ ಮಾಹಿತಿ ಹೋಗುತ್ತದೆ. ಬರೆಯುವುದಿಲ್ಲ ಎಂದು ನೋಟಿಸಿನಲ್ಲಿ ಸುಳ್ಳು ಭರವಸೆ ಕೊಡಬೇಡಿ. ಎಂಎಲ್‌ಸಿ ಎಂದರೆ ಎಫ್‌ಐಆರ್ ಅಲ್ಲ, ಕರೆತಂದವರು ಆರೋಪಿಯೂ ಅಲ್ಲ. ತುರ್ತು ಚಿಕಿತ್ಸೆ ಮೊದಲು, ಕಾಗದ ಆಮೇಲೆ ಎಂಬುದನ್ನು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ತೀರ್ಪಿನಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಸಹಾಯಕರಿಗೆ ಇರುವ ರಕ್ಷಣೆ ರಸ್ತೆ ಅಪಘಾತಕ್ಕೆ ಸೀಮಿತ, ಅದನ್ನು ಇಲ್ಲಿಗೆ ಎಳೆದು ತರುವಂತಿಲ್ಲ.

1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಒಪ್ಪಿ ಪೂರ್ತಿ ಮುಗಿಸಿದರೆ ವಿಚಾರಣೆಯಿಂದ ವಿನಾಯಿತಿ ಇದೆ. ಮಾರಾಟಗಾರನಿಗೆ ಇಲ್ಲ. ಪ್ರಾಣ ಕಳೆದುಕೊಳ್ಳುವ ಉದ್ದೇಶದಿಂದ ತೆಗೆದುಕೊಂಡಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಅನ್ವಯ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಡಾಕ್ಟರಿಗೆ ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಟ್ಟರೆ ಕಾನೂನಿನ ಲಾಭ ಏನೂ ಇಲ್ಲ, ಚಿಕಿತ್ಸೆ ಮಾತ್ರ ದಾರಿ ತಪ್ಪುತ್ತದೆ.

ರಾತ್ರಿಪಾಳಿ

ಬೇಕೆಂದೇ ತಗೊಂಡಿದ್ದರೆ ಆಸ್ಪತ್ರೆಯಿಂದ ಬಂದ ಮೇಲೂ ಒಂಟಿಯಾಗಿ ಬಿಡಬೇಡಿ, ಉಳಿದ ಮಾತ್ರೆಗಳನ್ನ ಕೈಗೆ ಸಿಗದ ಹಾಗೆ ಇಡಿ. "ಸಾಯಬೇಕು ಅನಿಸ್ತಿದೆಯಾ" ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡ್ತಾರೆ. ವ್ಯಸನಕ್ಕೆ 14446. ಯಾವ ವಿಷ, ಏನು ಮಾಡ್ಬೇಕು ಅನ್ನೋದಕ್ಕೆ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 1800 116 117. ಇವೆಲ್ಲ 108 ಆದ ಮೇಲೆ.

ಪಿಜಿ ನೋಟಿಸ್ ಬೋರ್ಡ್

ಎಲ್ಲ ಸೇರಿಸಿ ಬರೀತೀವಿ. ಮೇಲೆ 108, ಅದರ ಕೆಳಗೆ ಪೂರ್ತಿ ವಿಳಾಸ, ಆಮೇಲೆ ಏಳ್ತಾನಾ, ಉಸಿರೆಷ್ಟು, ಬಣ್ಣ ಏನು. ಬಿಟ್ಟದ್ದೇನಾದ್ರೂ ಇದೆಯಾ?

ಸೈರನ್

ಗೇಟು. ಹತ್ತು ಗಂಟೆಗೆ ಬೀಗ ಹಾಕಿ ಕೀ ತಗೊಂಡು ಓನರ್ ಮನೆಗೆ ಹೋಗೋ ಪಿಜಿಗಳು ಸುಮಾರಿವೆ. ಆಂಬ್ಯುಲೆನ್ಸ್ ಹೊರಗೆ, ಹುಡುಗ ಮೂರನೇ ಮಹಡಿಯಲ್ಲಿ. ಇನ್ನೊಂದು ಕೀ ಒಳಗಡೆ, ಎಲ್ಲರಿಗೂ ಗೊತ್ತಿರೋ ಮೊಳೆಗೆ ನೇತುಹಾಕಿ, ನಿಮ್ಮ ಕಾಗದವನ್ನ ಅದೇ ಮೊಳೆಯ ಪಕ್ಕ ಅಂಟಿಸಿ. ರೂಮಿನ ಬಾಗಿಲಿಗೆ ಒಳಗಿಂದ ಚಿಲಕ ಹಾಕಿದ್ರೆ ಒಡೀರಿ, ಬಾಗಿಲ ದುಡ್ಡು ಬೆಳಿಗ್ಗೆ ನೋಡ್ಕೊಂಡ್ರಾಯ್ತು.